ಟರ್ನ್‌ಟೇಬಲ್‌ಗೆ ದುಬಾರಿ ರ‍್ಯಾಕೋ, ಗೋಡೆಯ ಶೆಲ್ಫೋ?

ಟರ್ನ್‌ಟೇಬಲ್ ಅಂದರೆ ರೆಕಾರ್ಡ್ ತಿರುಗಿಸಿ ಹಾಡು ಕೇಳಿಸುವ ಯಂತ್ರ. ರೆಕಾರ್ಡಿನ ಗೆರೆಯಲ್ಲಿರುವ ಏರಿಳಿತ ಕೂದಲೆಳೆಗಿಂತ ಸಣ್ಣದು. ಮುಳ್ಳು ಅದನ್ನು ಓದುವಾಗ ಕೆಳಗಿನ ನಡುಕವನ್ನೂ ಓದಿಬಿಡುತ್ತದೆ.

ಬ್ರಿಟನ್ನಿನ ಆಡಿಯೋ ಕಂಪನಿ ನೈಮ್‌ನ ಫ್ರೇಮ್ ರ‍್ಯಾಕ್‌ನಲ್ಲಿ ನಡುಕ ತಡೆಯಲೆಂದು ಗಾಜಿನ ಹಲಗೆ ಪುಟ್ಟ ಉಕ್ಕಿನ ಗುಂಡುಗಳ ಮೇಲೆ ಕೂತಿರುತ್ತದೆ. ನೋಡೋಕೆ ಚೆಂದ, ಆಂಪ್ಲಿಫೈಯರ್‌ನಂಥ ಎಲ್ಲ ಪೆಟ್ಟಿಗೆಗೂ ಜಾಗ ಇದೆ. ಆದರೆ ನಾಲ್ಕೈದು ಅಂತಸ್ತು ಜೋಡಿಸಿದರೆ ಖರ್ಚು ಲಕ್ಷಗಳಲ್ಲಿ.

ಇಟ್ಟಿಗೆ ಗೋಡೆಗೆ ಗಟ್ಟಿಯಾಗಿ ಬಿಗಿದ ಶೆಲ್ಫ್ ಟರ್ನ್‌ಟೇಬಲ್ ಒಂದಕ್ಕೇ ಸಾಕು. ಹೆಜ್ಜೆಯ ಅದುರು ಅಲ್ಲಿಗೆ ಅಷ್ಟಾಗಿ ತಲುಪೋದಿಲ್ಲ. ಬ್ರಿಟನ್ನಿನ ಹಳೇ ಮನೆಗಳ ಮರದ ನೆಲ ನಡೆದರೆ ಕುಣಿಯುತ್ತದೆ. ಅಲ್ಲಿ ಇದು ದೊಡ್ಡ ವಿಷಯ. ನಮ್ಮ ಕಾಂಕ್ರೀಟ್ ನೆಲಕ್ಕೆ ಆ ಕಾಟ ಕಡಿಮೆ. ಇಲ್ಲಿ ಜಾಸ್ತಿ ತೊಂದರೆ ಕೊಡೋದು ಒಂದೇ ಷೋಕೇಸಿನ ಮೇಲೆ ಸ್ಪೀಕರನ್ನೂ ಇಡುವ ಅಭ್ಯಾಸ. ನಾನೂ ಹಾಗೇ ಇಟ್ಟಿದ್ದೆ. ವಾಲ್ಯೂಮ್ ಏರಿಸಿದರೆ ಗುಂಯ್ ಅನ್ನುತ್ತಿತ್ತು.

ಮೊದಲು ಹೀಗೆ ಮಾಡಿ ನೋಡಿ. ತಿರುಗದ ರೆಕಾರ್ಡ್ ಮೇಲೆ ಮುಳ್ಳಿಟ್ಟು, ವಾಲ್ಯೂಮ್ ಸ್ವಲ್ಪ ಏರಿಸಿ, ಮೇಜನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ದಪ್ ದಪ್ ಅಂತ ಜೋರಾಗಿ ಕೇಳಿದರೆ ಶೆಲ್ಫ್ ಹಾಕಿಸಿ, ಸ್ಪೀಕರನ್ನು ಬೇರೆ ಸ್ಟ್ಯಾಂಡಿಗೆ ಇಳಿಸಿ. ಹಳೇ ಮಣ್ಣಿನ ಗೋಡೆಯಾದರೆ ಮಾತ್ರ ರ‍್ಯಾಕೇ ಸರಿ. ಟರ್ನ್‌ಟೇಬಲ್ಲೇ ಇಲ್ಲ, ಬರೀ ಆಂಪ್ಲಿಫೈಯರ್ ಮತ್ತು ಇಂಟರ್ನೆಟ್ಟಿನಿಂದ ಹಾಡು ಕೇಳಿಸುವ ಸ್ಟ್ರೀಮರ್ ಇದೆ ಅಂದರೆ, ಆ ದುಡ್ಡನ್ನು ಒಳ್ಳೆ ಸ್ಪೀಕರಿಗೆ ಹಾಕಿ.