ಟ್ರ್ಯಾಕ್‌ನಲ್ಲಿ ಮಾತ್ರ ಮಿಸ್ ಹೊಡೆಯುವ ಹಳೇ ಇಂಜಿನ್: ಯಾವ ಮೀಟರ್ ಕೊಳ್ಳುವುದು?

ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾರನ್ನು ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಓಡಿಸುವವರು ಒಂದೇ ಒಂದು ಮೀಟರ್ ಕೊಳ್ಳುವುದಾದರೆ ವೈಡ್‌ಬ್ಯಾಂಡ್ ಕೊಳ್ಳಿ, ಅಂದರೆ ಎಕ್ಸಾಸ್ಟ್ ನೋಡಿ ಗಾಳಿ-ಪೆಟ್ರೋಲ್ ಅನುಪಾತ ಹೇಳುವ ಮೀಟರ್. ಅದೂ ಓಟವನ್ನೆಲ್ಲ ರೆಕಾರ್ಡ್ ಮಾಡಿಟ್ಟುಕೊಳ್ಳುವ ಬಗೆಯದು. ಕಂಪ್ರೆಷನ್ ಗೇಜ್, ಲೀಕ್‌ಡೌನ್ ಮೀಟರ್, ಟೈಮಿಂಗ್ ಲೈಟ್ ಎಲ್ಲವನ್ನೂ ಬಳಸಿ ನೋಡಿದ್ದೇನೆ, ಕೆಲವು ಸ್ವಂತದ್ದು, ಕೆಲವು ಎರವಲು. ಒಂದೂ ದಂಡ ಅಲ್ಲ. ಆದರೆ ನನ್ನ ಕಾರಿನ ಕಾಯಿಲೆಯನ್ನು ಹಿಡಿದುಕೊಟ್ಟದ್ದು ವೈಡ್‌ಬ್ಯಾಂಡೇ. ಹಿಡಿದುಕೊಡುವ ಮೊದಲು ತಲೆಯನ್ನೂ ಸಾಕಷ್ಟು ತಿಂದಿತು. ಅದನ್ನು ಕೆಳಗೆ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕೊಂಡವರೆಲ್ಲ ಅಲ್ಲೇ ಎಡವುವ ಸಾಧ್ಯತೆ ಜಾಸ್ತಿ.

ಕಾರು ಎಂಜಿಬಿ, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು. 1798 ಸಿಸಿ ಇಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಬ್ಬಿ) ಒಳಗೆ ಪಾಯಿಂಟ್ಸ್, ಅಂದರೆ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್. ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಮಾತ್ರ ಮೂಲದ್ದಕ್ಕಿಂತ ಸ್ವಲ್ಪ ಜೋರಿನದು. ತೊಂದರೆ ಹೀಗಿತ್ತು. ರಸ್ತೆಯಲ್ಲಿ ಏನೂ ಇಲ್ಲ. ಟ್ರ್ಯಾಕ್‌ನಲ್ಲೂ ಮೊದಲ ಕೆಲವು ಸುತ್ತು ಚೆನ್ನಾಗಿಯೇ ಓಡುತ್ತದೆ. ಚೆನ್ನಾಗಿ ಬಿಸಿಯೇರಿದ ಮೇಲೆ, ಉದ್ದದ ನೇರದಲ್ಲಿ 5000 ಆರ್‌ಪಿಎಂ ದಾಟುವ ಹೊತ್ತಿಗೆ ಮಿಸ್ಸಿಂಗ್ ಶುರು. ಪಿಟ್‌ಗೆ ಬಂದು ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಗ್ಯಾರೇಜಿಗೆ ತಂದು ಎಷ್ಟು ರೇಸ್ ಮಾಡಿದರೂ ನೆಂಟರ ಮುಂದೆ ಕೂತ ಮಗುವಿನಷ್ಟು ಸಭ್ಯ.

ಅನುಮಾನ ಎರಡು ಕಡೆ ಹೋಗುತ್ತದೆ. ಒಂದು ಪೆಟ್ರೋಲ್. ಈ ಇಂಜಿನ್‌ನಲ್ಲಿ ಕಾರ್ಬುರೇಟರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಬದಿಯಲ್ಲಿವೆ, ನಡುವೆ ಒಂದು ತಗಡಿನ ಮರೆ ಬಿಟ್ಟರೆ ಏನೂ ಇಲ್ಲ. ಪಂಪ್ ಸ್ವಲ್ಪ ಸುಸ್ತಾಗಿದ್ದರೂ ಉದ್ದದ ನೇರದ ಕೊನೆಯಲ್ಲಿ ಫ್ಲೋಟ್ ಬೌಲ್ (ಕಾರ್ಬುರೇಟರ್‌ನ ಪೆಟ್ರೋಲ್ ಬಟ್ಟಲು) ಖಾಲಿಯಾಗುತ್ತದೆ. ಇನ್ನೊಂದು ಕಿಡಿ. ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್, ಪಾಯಿಂಟ್ಸ್ ಸುಡದ ಹಾಗೆ ಕಾಯುವ ಕಂಡೆನ್ಸರ್, ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುತ್ತಾ ಕಿಡಿ ಹಂಚುವ ರೋಟರ್ ಇವೆಲ್ಲ ಬಿಸಿಯಾದಾಗಲೇ ಕೈ ಕೊಡುವ ಸಾಮಾನು. ಡ್ರೈವರ್ ಸೀಟಿನಲ್ಲಿ ಕೂತವನಿಗೆ ಎರಡೂ ಒಂದೇ ಥರ ಕಾಣುತ್ತವೆ.

ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಎಲ್ಲಕ್ಕಿಂತ ಅಗ್ಗ, ಎಲ್ಲರ ಹತ್ತಿರವೂ ಇರಬೇಕು. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಸ್ಟಾರ್ಟರ್ ತಿರುಗಿಸಿ ನೋಡುವುದು. ನಾಲ್ಕು ಸಿಲಿಂಡರ್‌ಗಳ ನಡುವೆ ವ್ಯತ್ಯಾಸ ಶೇಕಡಾ 10ರ ಒಳಗಿದ್ದರೆ ನೆಮ್ಮದಿ. ಅಕ್ಕಪಕ್ಕದ 2 ಮತ್ತು 3 ಎರಡೂ ಕಡಿಮೆ ತೋರಿಸಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಹಾಳೆ) ಹೋಗಿದೆ ಎಂದು ಅನುಮಾನಿಸಬೇಕು. ಆದರೆ ಜೋರಿನ ಕ್ಯಾಮ್ ಇದ್ದವರು ಒಂದು ವಿಷಯ ನೆನಪಿಡಿ. ಅಂಥ ಕ್ಯಾಮ್‌ನಲ್ಲಿ ಇನ್‌ಲೆಟ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಸ್ಟಾರ್ಟರ್ ತಿರುಗಿಸುವ ನಿಧಾನ ವೇಗದಲ್ಲಿ ಸ್ವಲ್ಪ ಗಾಳಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಹಾಗಾಗಿ ಇಂಜಿನ್ ಗಟ್ಟಿಮುಟ್ಟಾಗಿದ್ದರೂ ಅಂಕಿ ಕಡಿಮೆಯೇ ಬರುತ್ತದೆ. ಪುಸ್ತಕದ ಅಂಕಿಗೆ ಹೋಲಿಸಿ ಹೆದರಬೇಡಿ, ನಾಲ್ಕೂ ಸಮ ಇದೆಯಾ ಅಷ್ಟು ನೋಡಿ. ನನ್ನದು ಸಮ ಇತ್ತು.

ಇಂಜಿನ್ ಗಾಳಿ ಎಳೆಯುವ ಬಲ ತೋರಿಸುವ ವ್ಯಾಕ್ಯೂಮ್ ಗೇಜ್ ಬೇಡ. ಜೋರಿನ ಕ್ಯಾಮ್ ಇದ್ದರೆ ಐಡಲ್‌ನಲ್ಲಿ ಮುಳ್ಳು ಸುಮ್ನೆ ಕುಣಿಯುತ್ತಿರುತ್ತದೆ.

ಲೀಕ್‌ಡೌನ್ ಮೀಟರ್ ನನಗೆ ತುಂಬಾ ಇಷ್ಟವಾದ ಸಾಮಾನು. ಪಿಸ್ಟನ್ನನ್ನು ಕಂಪ್ರೆಷನ್ ತುದಿಗೆ ತಂದು, ಪ್ಲಗ್ ತೂತಿನಿಂದ ಗಾಳಿ ತುಂಬಿ, ಎಷ್ಟು ಸೋರುತ್ತದೆ ಎಂದು ನೋಡುತ್ತದೆ. ಅಂಕಿಗಿಂತ ಕಿವಿಗೆ ಕೆಲಸ ಜಾಸ್ತಿ. ಕಾರ್ಬುರೇಟರ್ ಬಾಯಲ್ಲಿ ಸುಯ್ ಅಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್ ತುದಿಯಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಅಂದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಇಷ್ಟು ನೇರವಾಗಿ ಉತ್ತರ ಕೊಡುವ ಮೀಟರ್ ಬೇರೆ ಇಲ್ಲ. ತೊಂದರೆ ಎಂದರೆ ಏರ್ ಕಂಪ್ರೆಸರ್ ಬೇಕು, ನನ್ನ ಹತ್ತಿರ ಇಲ್ಲ. ಪಿಸ್ಟನ್ ತುದಿಯಿಂದ ಒಂಚೂರು ಆಚೀಚೆ ಇದ್ದರೂ ಗಾಳಿ ಕ್ರ್ಯಾಂಕನ್ನು ತಿರುಗಿಸಿಬಿಡುತ್ತದೆ, ಪುಲ್ಲಿಯಲ್ಲಿ ಸ್ಪ್ಯಾನರ್ ಬಿಟ್ಟಿದ್ದರೆ ಕೈಗೆ ಪೆಟ್ಟು. ಒಳಗಿನ ತೂತಿನ ಅಳತೆ ಮೀಟರಿನಿಂದ ಮೀಟರಿಗೆ ಬೇರೆ, ಹಾಗಾಗಿ ಗೆಳೆಯನ ಮೀಟರಿನ ಶೇಕಡಾ 8 ಮತ್ತು ನಿಮ್ಮ ಮೀಟರಿನ ಶೇಕಡಾ 8 ಒಂದೇ ಅಲ್ಲ. ಅದಕ್ಕಿಂತ ದೊಡ್ಡ ಮಾತು, ಇದು ನಿಂತ ಇಂಜಿನ್ನನ್ನು ನೋಡುವ ಸಾಮಾನು. ನನ್ನ ಕಾಯಿಲೆ ಓಡುವ ಇಂಜಿನ್‌ದು.

ಪ್ಲಗ್ ಬಣ್ಣ ನೋಡುವುದು ಪುಕ್ಕಟೆ ವಿದ್ಯೆ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಇಗ್ನಿಷನ್ ಆಫ್ ಮಾಡಿ, ಕ್ಲಚ್ ಒತ್ತಿ, ಹಾಗೇ ಜಾರಿಸಿಕೊಂಡು ಬಂದು ಪ್ಲಗ್ ಬಿಚ್ಚಬೇಕು. ಹಿಂದೆ ಬೇರೆ ಕಾರುಗಳು ಬರುತ್ತಿರುವಾಗ ಇದನ್ನು ಮಾಡುವುದು ಹೇಗೆ ಹೇಳಿ? ಸೀಸವಿಲ್ಲದ ಪೆಟ್ರೋಲ್‌ನಲ್ಲಿ ಬಣ್ಣವೂ ಸರಿಯಾಗಿ ಕೂರುವುದಿಲ್ಲ. ಎಲ್ಲ ಪ್ಲಗ್ ಒಂದೇ ಥರ ಇದೆಯಾ ಎಂದು ನೋಡಲು ಸಾಕು, ಅದಕ್ಕಿಂತ ಹೆಚ್ಚು ಕೇಳಬೇಡಿ.

ವೈಡ್‌ಬ್ಯಾಂಡ್‌ಗೆ ನಿಜವಾದ ಪೈಪೋಟಿ ಕೊಡುವುದು ಟೈಮಿಂಗ್ ಲೈಟ್, ಕಿಡಿ ಹರಿದಾಗಲೆಲ್ಲ ಮಿನುಗುವ ದೀಪ. ಅದರ ಕ್ಲಿಪ್ಪನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ದಪ್ಪ ವೈರಿಗೆ ಹಾಕಿ, ಲೈಟನ್ನು ಕ್ಯಾಬಿನ್ ಒಳಕ್ಕೆ ತಂದು ಪಕ್ಕದ ಸೀಟಿನವರ ಕೈಗೆ ಕೊಡಿ. ಮಿಸ್ ಹೊಡೆಯುವಾಗ ಲೈಟೂ ತಡವರಿಸಿದರೆ ಕಿಡಿ ಹೋಗುತ್ತಿದೆ. ಲೈಟ್ ಸರಿಯಾಗಿ ಮಿನುಗುತ್ತಿದ್ದರೆ ಪೆಟ್ರೋಲ್ ಕಡೆ, ಇಲ್ಲವೇ ಕಾಯಿಲ್ ದಾಟಿದ ಮೇಲಿನ ರೋಟರ್, ಕ್ಯಾಪ್, ಪ್ಲಗ್ ವೈರ್ ಕಡೆ ನೋಡಿ. ಎಷ್ಟು ಸುಲಭ ಅಲ್ವಾ? ಆದರೆ ಟ್ರ್ಯಾಕ್‌ನಲ್ಲಿ ಸಡಿಲ ಸಾಮಾನು ಕಾರಿನಲ್ಲಿ ಇಡುವಂತಿಲ್ಲ. ಬಿಗಿಯಾಗಿ ಕಟ್ಟಿದರೂ, ತಿರುವಿನ ಕಡೆ ಇರಬೇಕಾದ ಕಣ್ಣು ಲೈಟಿನ ಕಡೆ ಹೋಗುತ್ತದೆ. ನಾನು ಹೋಗುವುದು ಒಬ್ಬನೇ. ಕಾಯಿಲೆ ರಸ್ತೆಯಲ್ಲೂ ಬರುವಂಥದ್ದಾಗಿದ್ದರೆ, ಜೊತೆಗೊಬ್ಬರು ಇದ್ದಿದ್ದರೆ, ನಾನು ಇನ್ನೇನನ್ನೂ ಕೊಳ್ಳುತ್ತಿರಲಿಲ್ಲ.

ಈಗ ವೈಡ್‌ಬ್ಯಾಂಡ್. ಎಕ್ಸಾಸ್ಟ್ ಪೈಪಿಗೆ ಒಂದು ಬಾಸ್ (ಮರೆ ಇರುವ ಲೋಹದ ಬಳೆ) ವೆಲ್ಡ್ ಮಾಡಿಸಿ ಸೆನ್ಸರ್ ಕೂರಿಸಬೇಕು. ಗಾಳಿ ಮತ್ತು ಪೆಟ್ರೋಲಿನ ಅನುಪಾತ ಅಂಕಿಯಲ್ಲಿ ಬರುತ್ತದೆ. ಒಂದು ಪಾಲು ಪೆಟ್ರೋಲಿಗೆ ಲೆಕ್ಕದ ಪ್ರಕಾರ 14.7 ಪಾಲು ಗಾಳಿ, ಪೂರ್ತಿ ಆಕ್ಸಿಲರೇಟರ್‌ನಲ್ಲಿ ಇಂಥ ಇಂಜಿನ್‌ಗೆ 12.5ರಿಂದ 13 ಇದ್ದರೆ ಚೆನ್ನ. ಎಂಜಿಬಿಯಲ್ಲಿ ನಾಲ್ಕು ಸಿಲಿಂಡರ್‌ಗೆ ಎಕ್ಸಾಸ್ಟ್ ಪೋರ್ಟ್ ಮೂರೇ, ನಡುವಿನ ಎರಡಕ್ಕೆ ಒಂದೇ ದಾರಿ. ಆದ್ದರಿಂದ ಎಲ್ಲ ಪೈಪ್ ಸೇರಿದ ಮೇಲೆ ಸೆನ್ಸರ್ ಇಡುವುದು ಸರಿ. ಬರುವುದು ನಾಲ್ಕರ ಸರಾಸರಿ ಅನ್ನುವುದು ನೆನಪಿರಲಿ. ಸೆನ್ಸರ್ ಮಲಗಿದ ಹಾಗೆ ಇರಬಾರದು, ಅಡ್ಡ ಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರಬೇಕು, ಇಲ್ಲದಿದ್ದರೆ ನೀರು ಸೇರಿ ಹಾಳಾಗುತ್ತದೆ. 1967ಕ್ಕೆ ಮುಂಚಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಹೋಗುತ್ತದೆ, ಅದನ್ನು ಬದಲಿಸದೆ ಈ ಮೀಟರ್ ಹಾಕುವಂತಿಲ್ಲ. ಪ್ಲಗ್ ವೈರ್ ತಾಮ್ರದ್ದಾಗಿದ್ದರೆ ರೆಕಾರ್ಡಿಂಗ್ ಗಜಿಬಿಜಿ, ಕಾರ್ಬನ್ ವೈರ್ ಹಾಕಿ.

ಸರಿ, ತಲೆ ತಿಂದ ವಿಷಯಕ್ಕೆ ಬರೋಣ. ಟ್ರ್ಯಾಕ್‌ನಲ್ಲಿ ಓಡಿಸಿ ಬಂದು ಗ್ರಾಫ್ ತೆರೆದರೆ 12.8ರ ಹತ್ತಿರ ಚೆನ್ನಾಗಿ ಹೋಗುತ್ತಿದ್ದ ಗೆರೆ, ಮಿಸ್ಸಿಂಗ್ ಶುರುವಾದ ಜಾಗದಲ್ಲಿ 16, 17ಕ್ಕೆ ಹಾರಿದೆ. ಅಂದರೆ ಲೀನ್. ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಯಾರು ನೋಡಿದರೂ ಹಾಗೇ ಹೇಳುತ್ತಾರೆ. ಹಾಗೆ ಓದಿಕೊಂಡವರು ಪಂಪ್ ಬದಲಿಸುತ್ತಾರೆ, ಕಾರ್ಬುರೇಟರ್‌ಗೆ ಪೆಟ್ರೋಲ್ ಜಾಸ್ತಿ ಬಿಡುವ ರಿಚ್ ನೀಡಲ್ ಹಾಕುತ್ತಾರೆ, ಟ್ಯಾಂಕ್ ಇಳಿಸಿ ತೊಳೆಯುತ್ತಾರೆ. ಮಿಸ್ಸಿಂಗ್ ಇದ್ದಲ್ಲೇ ಇರುತ್ತದೆ.

ಯಾಕೆಂದರೆ ಸೆನ್ಸರ್ ಪೆಟ್ರೋಲನ್ನು ನೇರವಾಗಿ ಅಳೆಯುವುದಿಲ್ಲ, ಎಕ್ಸಾಸ್ಟ್‌ನಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಲೆಕ್ಕ ಹಾಕುತ್ತದೆ. ಒಂದು ಸಿಲಿಂಡರ್‌ನಲ್ಲಿ ಕಿಡಿ ಬೀಳಲಿಲ್ಲ ಅಂದುಕೊಳ್ಳಿ. ಅದರೊಳಗಿನ ಪೆಟ್ರೋಲ್, ಗಾಳಿ ಎರಡೂ ಉರಿಯದೆ ಹಾಗೇ ಹೊರಗೆ ಬರುತ್ತವೆ. ಆ ಗಾಳಿಯಲ್ಲಿನ ಆಮ್ಲಜನಕವೆಲ್ಲ ಸೆನ್ಸರ್ ಮುಂದೆ ಹಾದುಹೋಗುತ್ತದೆ. ಸೆನ್ಸರ್ ಪಾಪ, ಇಷ್ಟು ಆಮ್ಲಜನಕ ಉಳಿದಿದೆ ಎಂದರೆ ಪೆಟ್ರೋಲ್ ಕಡಿಮೆ ಬಿದ್ದಿರಬೇಕು ಎನ್ನುತ್ತದೆ. ಕಿಡಿಯ ತಪ್ಪು ಪೆಟ್ರೋಲಿನ ತಲೆಗೆ. ಮ್ಯಾನಿಫೋಲ್ಡ್ ಜಾಯಿಂಟ್‌ನಲ್ಲಿ ಸಣ್ಣ ಲೀಕ್ ಇದ್ದರೂ ಇದೇ ಗತಿ, ಹೊರಗಿನ ಗಾಳಿ ಒಳಗೆ ಸೇರಿ ಸುಳ್ಳು ಲೀನ್ ತೋರಿಸುತ್ತದೆ. ಆದರೆ ಅದು ಐಡಲ್‌ನಲ್ಲಿ, ಕಡಿಮೆ ವೇಗದಲ್ಲಿ ಜಾಸ್ತಿ, ಪೂರ್ತಿ ವೇಗದಲ್ಲಿ ಕಡಿಮೆ. ಹಾಗಾಗಿ ನನ್ನ ಲೆಕ್ಕದಿಂದ ಅದನ್ನು ಬಿಡಬಹುದಿತ್ತು.

ಹಾಗಾದರೆ ನಿಜವಾದ ಲೀನ್ ಯಾವುದು, ಸುಳ್ಳು ಯಾವುದು? ಗೆರೆಯ ಆಕಾರ ಹೇಳುತ್ತದೆ. ಫ್ಲೋಟ್ ಬೌಲ್ ಖಾಲಿಯಾಗುವುದಕ್ಕೆ ಸಮಯ ಬೇಕು. ಪೆಟ್ರೋಲ್ ಕೊರತೆ ಇದ್ದರೆ ಗೆರೆ 13, 13.5, 14 ಅಂತ ಇಳಿಜಾರಿನ ಹಾಗೆ ಸರಿಯುತ್ತದೆ, ಮಿಸ್ಸಿಂಗ್ ಆಮೇಲೆ ಬರುತ್ತದೆ. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೂ ಬೌಲ್ ತುಂಬುವ ತನಕ ಚೇತರಿಸುವುದಿಲ್ಲ. ಕಿಡಿ ಹೋದರೆ ಹಾಗಲ್ಲ. ಮುನ್ಸೂಚನೆ ಇಲ್ಲದೆ ಗೆರೆ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಹಾರುತ್ತದೆ, ನಡುನಡುವೆ ಸರಿಯಾದ ಅಂಕಿಗೂ ಬರುತ್ತದೆ. ನನ್ನ ಗ್ರಾಫ್ ಎರಡನೆಯ ಥರ.

ಎರಡನೇ ಸಾಕ್ಷಿ ಆರ್‌ಪಿಎಂ ಗೆರೆ. ವೈಡ್‌ಬ್ಯಾಂಡ್ ಒಂದನ್ನೇ ರೆಕಾರ್ಡ್ ಮಾಡಬೇಡಿ, ಕಾಯಿಲ್‌ನಿಂದ ಆರ್‌ಪಿಎಂ ಸಿಗ್ನಲ್ ಕೂಡ ತೆಗೆದುಕೊಳ್ಳಿ. ಇಂಜಿನ್ನಿನ ತಿರುಗುವ ಭಾಗಗಳಿಗೆ ಇಷ್ಟು ತೂಕ ಇರುವಾಗ ಆರ್‌ಪಿಎಂ ನಿಜವಾಗಿ 5200ರಿಂದ 3000ಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದು ಮತ್ತೆ ಏಳಲು ಸಾಧ್ಯವೇ ಇಲ್ಲ. ಗೆರೆ ಹಾಗೆ ಬಿದ್ದೆದ್ದರೆ ಬಿದ್ದದ್ದು ಇಂಜಿನ್ ಅಲ್ಲ, ಸಿಗ್ನಲ್. ಅಂದರೆ ಪಾಯಿಂಟ್ಸ್, ಕಂಡೆನ್ಸರ್, ಕಾಯಿಲ್‌ನ ಸಣ್ಣ ವೈರ್ ಇವುಗಳಲ್ಲೇ ಎಲ್ಲೋ ತೊಂದರೆ. ಪೆಟ್ರೋಲ್ ಕೊರತೆಯಾದರೆ ಆರ್‌ಪಿಎಂ ಗೆರೆ ಕಾರಿನ ವೇಗದ ಜೊತೆಗೇ ನಿಧಾನವಾಗಿ ಇಳಿಯುತ್ತದೆ. ರೋಟರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಪ್ಲಗ್ ವೈರ್ ಹೋಗಿದ್ದರೆ ಇನ್ನೊಂದು ಥರ: ವೈಡ್‌ಬ್ಯಾಂಡ್ ಗೆರೆ ಹಾರುತ್ತದೆ, ಆರ್‌ಪಿಎಂ ಗೆರೆ ನೆಟ್ಟಗಿರುತ್ತದೆ. ಎರಡು ಗೆರೆ ಒಂದರ ಕೆಳಗೊಂದು ಇಟ್ಟು ನೋಡಿದರೆ ಅರ್ಧ ಅನುಮಾನ ಅಲ್ಲೇ ಕಳಚುತ್ತದೆ. ಬರೀ ವೈಡ್‌ಬ್ಯಾಂಡ್ ಮುಳ್ಳನ್ನು ಡ್ಯಾಶ್‌ಬೋರ್ಡ್ ಮೇಲೆ ನೋಡಿಕೊಂಡಿದ್ದರೆ ಇದು ಯಾವುದೂ ತಿಳಿಯುತ್ತಿರಲಿಲ್ಲ.

ನನ್ನಲ್ಲಿ ಎರಡೂ ಗೆರೆ ಒಟ್ಟಿಗೇ ಕುಣಿದಿದ್ದವು. ಪಾಯಿಂಟ್ಸ್ ಬಿಚ್ಚಿ ನೋಡಿದರೆ ಮುಖದಲ್ಲಿ ಸುಟ್ಟ ಕಲೆ. ಗ್ಯಾಪ್ 0.38 ಮಿಲಿಮೀಟರ್, ಸರಿಯಾಗಿಯೇ ಇತ್ತು. ಉಳಿದದ್ದು ಕಂಡೆನ್ಸರ್. ಹೊಸದೇ, ಡಬ್ಬಿಯಿಂದ ತೆಗೆದು ಹಾಕಿದ್ದು. ಹಳೇ ಕಾರಿಗೆ ಈಗ ಸಿಗುವ ಹೊಸ ಕಂಡೆನ್ಸರ್‌ಗಳ ಬಗ್ಗೆ ಹಳೇ ಕಾರಿನವರು ಗೊಣಗುವುದು ಸುಮ್ನೆ ಅಲ್ಲ. ತಣ್ಣಗಿರುವಾಗ ಅಳೆದರೆ 0.2 ಮೈಕ್ರೋಫ್ಯಾರಡ್ ಆಸುಪಾಸು, ಏನೂ ತಪ್ಪಿಲ್ಲ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡುತ್ತಾ ಅಳೆದಾಗ ಅಂಕಿ ಜಾರತೊಡಗಿತು. ಬೇರೆ ಕಂಡೆನ್ಸರನ್ನು ಡಿಸ್ಟ್ರಿಬ್ಯೂಟರ್ ಹೊರಗೆ, ಬಿಸಿ ಕಡಿಮೆ ಇರುವ ಕಡೆ ಕೂರಿಸಿದೆ. ಮಿಸ್ಸಿಂಗ್ ಹೋಯಿತು. ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿ ಎನ್ನುವವರಿದ್ದಾರೆ. ಹಾಕಬಹುದು. ಪಾಯಿಂಟ್ಸ್ ಕೆಟ್ಟರೆ ಪಿಟ್‌ನಲ್ಲೇ ಸ್ಕ್ರೂಡ್ರೈವರ್ ಹಿಡಿದು ಸರಿಮಾಡಬಹುದು ಅನ್ನುವುದಕ್ಕೆ ನಾನು ಅದನ್ನೇ ಉಳಿಸಿಕೊಂಡಿದ್ದೇನೆ.

ಪೆಟ್ರೋಲ್ ಪ್ರೆಷರ್ ಗೇಜ್ ಬಗ್ಗೆ ಒಂದು ಮಾತು. ಎಸ್‌ಯು ಕಾರ್ಬುರೇಟರ್‌ಗೆ 3 ಪಿಎಸ್‌ಐ ಆಸುಪಾಸು ಸಾಕು. ಗೇಜ್ ಅಗ್ಗ, ಕೂರಿಸುವುದು ಸುಲಭ. ಆದರೆ ಪೆಟ್ರೋಲ್ ತುಂಬಿದ ಪೈಪನ್ನು ಕ್ಯಾಬಿನ್ ಒಳಗೆ ತರಲೇಬೇಡಿ. ಬಾನೆಟ್ ಕೆಳಗೇ ಇರಲಿ, ಓಡುವಾಗ ನೋಡಬೇಕೆಂದರೆ ಎಲೆಕ್ಟ್ರಿಕ್ ಸೆನ್ಸರ್ ಹಾಕಿ. ನನ್ನ ಗೆರೆ ಇಳಿಜಾರಾಗಿದ್ದಿದ್ದರೆ ಮುಂದಿನ ಖರೀದಿ ಇದೇ ಆಗಿರುತ್ತಿತ್ತು.

ಯಾರಿಗೆ ಯಾವುದು? ಗ್ಯಾರೇಜಿನಲ್ಲಿ ಏರ್ ಕಂಪ್ರೆಸರ್ ಇದ್ದು, ಇಂಜಿನ್ ಹೊಗೆ ಕಾರುತ್ತಿದ್ದರೆ ಅಥವಾ ಆಯಿಲ್ ಕುಡಿಯುತ್ತಿದ್ದರೆ ಲೀಕ್‌ಡೌನ್ ಮೊದಲು. ಜೇಬು ಬಿಗಿ ಇದ್ದರೆ ಕಂಪ್ರೆಷನ್ ಗೇಜ್ ಮತ್ತು ಟೈಮಿಂಗ್ ಲೈಟ್, ಇವೆರಡೇ ಬಹಳ ದೂರ ಕರೆದೊಯ್ಯುತ್ತವೆ. ಸೀಸ ಬೆರೆಸಿದ ರೇಸ್ ಪೆಟ್ರೋಲ್ ಸುರಿಯುವವರು ವೈಡ್‌ಬ್ಯಾಂಡ್ ಬಗ್ಗೆ ಎರಡು ಸಲ ಯೋಚಿಸಿ, ಸೀಸ ಸೆನ್ಸರನ್ನು ತಿಂದುಹಾಕುತ್ತದೆ. ಬಿಸಿ ಎಕ್ಸಾಸ್ಟ್‌ನಲ್ಲಿ ಸೆನ್ಸರ್‌ಗೆ ಕರೆಂಟ್ ಕೊಡದೆ ಓಡಿಸಿದರೂ ಅದು ಬೇಗ ಸಾಯುತ್ತದೆ. ಟ್ರ್ಯಾಕ್ ಡೇ ಇಲ್ಲದ ತಿಂಗಳುಗಳಲ್ಲಿ ನಾನು ಅದನ್ನು ಬಿಚ್ಚಿ, ತೂತಿಗೆ ಒಂದು ಬೋಲ್ಟ್ ಹಾಕಿ ಮುಚ್ಚಿಬಿಡುತ್ತೇನೆ. ಲೀಕ್‌ಡೌನ್ ಮೀಟರ್ ಈಗಲೂ ಎರವಲೇ, ವರ್ಷಕ್ಕೊಮ್ಮೆ ಕಂಪ್ರೆಸರ್ ಇರುವ ಗೆಳೆಯನ ಗ್ಯಾರೇಜಿಗೆ ಕಾರನ್ನೇ ಓಡಿಸಿಕೊಂಡು ಹೋಗುತ್ತೇನೆ.