ತುಂಬಿದ ಟ್ರೇಲರ್ ಕಟ್ಟುವ ಮುನ್ನ: ಹೊಸ ಟ್ರ್ಯಾಕ್ಟರ್‌ನ ಮೊದಲ ನೂರು ಗಂಟೆ ಮತ್ತು ಮೂರೂವರೆ ವರ್ಷದ ಬಳಕೆ

ಕಾರಟಗಿ ಸಮೀಪದ ನಮ್ಮ ಊರಿಗೆ 2022ರ ಯುಗಾದಿಯಂದು 50 ಎಚ್‌ಪಿ ವರ್ಗದ, ಮೂರು ಸಿಲಿಂಡರಿನ ಹೊಸ ಟ್ರ್ಯಾಕ್ಟರ್ ತಂದೆವು. ಈಗ ಅದರ ಗಂಟೆ ಮೀಟರ್ 2,300 ದಾಟಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭಾಗದಲ್ಲಿ ಟ್ರ್ಯಾಕ್ಟರ್‌ಗೆ ಮುಖ್ಯವಾಗಿ ಎರಡು ದುಡಿಮೆಗಳಿವೆ: ನಾಟಿಗೆ ಮುನ್ನ ಗದ್ದೆಯಲ್ಲಿ ಕೆಸರು ಹೊಡೆಯುವುದು, ಕಟಾವಿನ ಮೇಲೆ ಭತ್ತವನ್ನು ಮಿಲ್ಲಿಗೆ ಸಾಗಿಸುವುದು. ನಮ್ಮಲ್ಲಿ ಭತ್ತದ ಲೆಕ್ಕ 75 ಕೆ.ಜಿ. ಚೀಲದಲ್ಲಿ ನಡೆಯುತ್ತದೆ. 60 ಚೀಲ ಹೇರಿದರೆ ಭತ್ತವೇ ನಾಲ್ಕೂವರೆ ಟನ್. ಟ್ರೇಲರ್‌ನ ಸ್ವಂತ ತೂಕ ಬೇರೆ. ಆದ್ದರಿಂದ ಸೀಟು, ಲೈಟು, ಬಣ್ಣಗಳ ವಿಚಾರಕ್ಕೆ ಹೋಗದೆ, ಆ ಭಾರ ಎಳೆಯುವ ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಮುಟ್ಟಿಸುವ ಹಲ್ಲುಚಕ್ರಗಳಾದ ಕ್ರೌನ್–ಪಿನಿಯನ್‌ಗಳನ್ನು ಮೊದಲ ನೂರು ಗಂಟೆಗಳಲ್ಲಿ ಹೇಗೆ ಹದಕ್ಕೆ ತಂದೆವು, ಅದರಿಂದ ಏನು ಫಲ ಸಿಕ್ಕಿತು ಎಂಬುದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಇಷ್ಟು ಎಚ್ಚರ ವಹಿಸಲು ಕಾರಣ ನಮ್ಮ ಹಿಂದಿನ ಟ್ರ್ಯಾಕ್ಟರ್. ಅದು ಮನೆಗೆ ಬಂದ ಮೂರನೆಯ ದಿನವೇ ಇಟ್ಟಿಗೆ ತುಂಬಿದ ಟ್ರೇಲರ್ ಕಟ್ಟಿ, ಕಾಲುವೆ ದಂಡೆಯ ಏರಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ಎಳೆಸಿದ್ದೆವು. ಸುಟ್ಟ ರಬ್ಬರಿನಂಥ ಆ ಕ್ಲಚ್ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ವರ್ಷ ತುಂಬುವ ಮೊದಲೇ ಕ್ಲಚ್ ಪ್ಲೇಟ್ ಬದಲಿಸಬೇಕಾಯಿತು. ಎರಡನೆಯ ವರ್ಷದಿಂದ ಟಾಪ್ ಗೇರಿನಲ್ಲಿ ಹಿಂಬದಿಯಿಂದ ಸಣ್ಣಗೆ ಕೊರೆಯುವ ಸದ್ದು ಶುರುವಾಯಿತು, ಮಾರುವ ತನಕ ನಿಲ್ಲಲಿಲ್ಲ. ಕಂಪನಿಯ ಹೆಸರು ಹೇಳುವ ಅಗತ್ಯವಿಲ್ಲ, ಏಕೆಂದರೆ ತಪ್ಪು ನಮ್ಮದೇ ಆಗಿತ್ತು.

ಈ ಸಲವೂ ಆತುರಕ್ಕೆ ಕಾರಣಗಳಿದ್ದವು. ಯುಗಾದಿಯ ಹೊತ್ತಿಗೆ ಬೇಸಿಗೆ ಭತ್ತದ ಕಟಾವು ಹತ್ತಿರ ಬಂದಿತ್ತು, ಮಿಲ್ಲಿಗೆ ಸಾಗಿಸುವ ಬಾಡಿಗೆ ಚೆನ್ನಾಗಿತ್ತು. ನಮ್ಮ ಸೋದರಮಾವ ಅಂಗಳದಲ್ಲಿ ನಿಂತು, ‘ಟ್ರೇಲರ್ ಕಟ್ಟಾಕ ತಂದೀಯೋ, ಪೂಜಿ ಮಾಡಾಕ ತಂದೀಯೋ?’ ಎಂದು ಕೇಳಿದರು. ಅವರಿಗೆ ಉತ್ತರ ಕೊಟ್ಟವರು ನಮ್ಮ ತಂದೆ. ಹೊಸ ಹೋರಿಯನ್ನು ಮೊದಲು ಬರೀ ನೊಗಕ್ಕೆ, ಆಮೇಲೆ ಖಾಲಿ ಬಂಡಿಗೆ, ಕೊನೆಗೆ ಹೇರು ತುಂಬಿದ ಬಂಡಿಗೆ ಹೂಡಿ ಪಳಗಿಸುತ್ತಿದ್ದುದನ್ನು ಅವರು ನೆನಪಿಸಿದರು. ನಾವು ಅನುಸರಿಸಿದ ಕ್ರಮವೂ ಬಹುಮಟ್ಟಿಗೆ ಅದೇ.

ಮೊದಲ ಹತ್ತು ಗಂಟೆ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಒಂಬತ್ತು ಹಲ್ಲಿನ ಕಲ್ಟಿವೇಟರನ್ನು ಮೇಲುಮೇಲಕ್ಕೆ ಓಡಿಸಿದೆವು. ಒಣಗಿ ಬಿರುಕು ಬಿಟ್ಟ ಎರೆ (ಕಪ್ಪು ಮಣ್ಣಿನ) ಹೊಲಕ್ಕೂ ಪಲ್ಟಿ ನೇಗಿಲಿಗೂ ಆಗ ಕೈ ಹಾಕಲಿಲ್ಲ. ಇಂಜಿನ್ ವೇಗವನ್ನು ಒಂದೇ ಕಡೆ ನಿಲ್ಲಿಸದೆ 1,200ರಿಂದ 1,700 ಆರ್‌ಪಿಎಂ ನಡುವೆ ಏರಿಸುತ್ತಾ ಇಳಿಸುತ್ತಾ ನಡೆಸಿದೆವು. ಅಲ್ಲಿಂದ 30 ಗಂಟೆಯವರೆಗೆ ಕಲ್ಟಿವೇಟರನ್ನು ತುಸು ಆಳಕ್ಕೆ ಇಳಿಸಿ, ನಡುನಡುವೆ ಖಾಲಿ ಟ್ರೇಲರ್ ಕಟ್ಟಿ ಓಡಿಸಿದೆವು. 30ರಿಂದ 50 ಗಂಟೆಯವರೆಗೆ 20 ಚೀಲ, ಮೊದಲ ಸರ್ವಿಸ್ ಆದ ಮೇಲೆ 40 ಚೀಲ. ಪೂರ್ತಿ 60 ಚೀಲ ಹೇರಿದ್ದು 100 ಗಂಟೆ ದಾಟಿದ ಬಳಿಕ. ಆ ಹಂಗಾಮಿನ ಬಾಡಿಗೆಯಲ್ಲಿ ಒಂದು ಭಾಗ ಕೈತಪ್ಪಿತು. ಅದನ್ನು ಟ್ರ್ಯಾಕ್ಟರ್‌ನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿಕೊಂಡೆವು.

ಇಲ್ಲಿ ಅನೇಕರು ತಪ್ಪು ತಿಳಿಯುವ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಹೊಸ ಇಂಜಿನನ್ನು ಹದಕ್ಕೆ ತರುವುದೆಂದರೆ ಅದಕ್ಕೆ ಕೆಲಸವನ್ನೇ ಕೊಡದಿರುವುದಲ್ಲ. ಸಿಲಿಂಡರಿನ ಒಳಗೋಡೆಯಲ್ಲಿ ಎಣ್ಣೆ ನಿಲ್ಲಲೆಂದು ಅಡ್ಡಡ್ಡ ಗೀರುಗಳಿರುತ್ತವೆ. ಪಿಸ್ಟನ್ ರಿಂಗುಗಳು ಆ ಗೀರುಗಳ ಮೊನೆಯ ಮೇಲೆ ಉಜ್ಜಿಕೊಂಡು ಗೋಡೆಗೆ ಹೊಂದಿಕೊಳ್ಳಬೇಕು. ರಿಂಗನ್ನು ಗೋಡೆಗೆ ಒತ್ತುವುದರಲ್ಲಿ ಉರಿದ ಅನಿಲದ ಒತ್ತಡದ ಪಾಲು ದೊಡ್ಡದು, ಆ ಒತ್ತಡ ಚೆನ್ನಾಗಿ ಏರುವುದು ಇಂಜಿನ್ ಭಾರ ಎಳೆಯುವಾಗ. ಭಾರವಿಲ್ಲದೆ ಗಂಟೆಗಟ್ಟಲೆ ಸಣ್ಣ ವೇಗದಲ್ಲಿ ಓಡಿಸಿದರೆ ರಿಂಗು ಕೂರುವ ಮೊದಲೇ ಗೋಡೆ ನುಣುಪಾಗಿ ಗಾಜಿನಂತಾಗುತ್ತದೆ, ಆಮೇಲೆ ಇಂಜಿನ್ ಎಣ್ಣೆ ಕುಡಿಯತೊಡಗುತ್ತದೆ. ನಮ್ಮ ಓಣಿಯಲ್ಲೇ ಒಬ್ಬರು ಹೊಸ ಟ್ರ್ಯಾಕ್ಟರನ್ನು ಒಂದು ತಿಂಗಳು ಬರೀ ಔಷಧ ಸಿಂಪಡಿಸಲು ಬಳಸಿ, ಆಮೇಲೆ, ಎಣ್ಣೆ ಉರಿದಾಗ ಬರುವ ನೀಲಿ ಹೊಗೆಯ ಕಾರಣ ಹುಡುಕುತ್ತಾ ಅಲೆದರು. ಹೆಚ್ಚು ಭಾರವೂ ಬೇಡ, ಬರಿಗೈ ಓಟವೂ ಬೇಡ. ಭಾರ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು.

ಕ್ರೌನ್–ಪಿನಿಯನ್ ಕಥೆ ಬೇರೆ. ಹೊಸ ಹಲ್ಲುಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗುಗಳಿರುತ್ತವೆ. ಅವು ಒಂದರ ಮೇಲೊಂದು ಜಾರಿ ಸಮವಾಗುವಾಗ ಬಿಸಿ ಹೆಚ್ಚುತ್ತದೆ, ಸಣ್ಣ ಲೋಹದ ಪುಡಿ ಎಣ್ಣೆಗೆ ಬೀಳುತ್ತದೆ. ಅದೇ ಹೊತ್ತಿನಲ್ಲಿ ದೊಡ್ಡ ಭಾರ ಬಿದ್ದರೆ ಹಲ್ಲುಗಳ ನಡುವಿನ ಎಣ್ಣೆಯ ಪದರ ಹರಿದು, ಲೋಹಕ್ಕೆ ಲೋಹ ತಾಕಿ, ಮೈ ಕಿತ್ತುಹೋಗುತ್ತದೆ. ಹೀಗಾಗಿ ಟ್ರೇಲರ್ ಕಟ್ಟಿದ ಮೊದಲ ದಿನಗಳಲ್ಲಿ ಐದಾರು ಕಿಲೋಮೀಟರ್‌ಗೊಮ್ಮೆ ನಿಲ್ಲಿಸಿ, ಆ ಹಲ್ಲುಚಕ್ರಗಳನ್ನು ಮುಚ್ಚಿರುವ ಹಿಂದಿನ ಹೌಸಿಂಗ್ ಮೇಲೆ ಅಂಗೈ ಇಟ್ಟು ನೋಡುತ್ತಿದ್ದೆ. ಕೈ ಇಟ್ಟುಕೊಂಡಿರಲು ಆಗದಷ್ಟು ಬಿಸಿಯಿದ್ದರೆ ಬೇವಿನ ನೆರಳಿನಲ್ಲಿ ಅರ್ಧ ಗಂಟೆ ಬಿಟ್ಟು ಹೊರಡುತ್ತಿದ್ದೆ. ಅಮೆರಿಕದಲ್ಲಿ ಟ್ರೇಲರ್ ಎಳೆಯುವ ಪಿಕಪ್‌ಗಳ ಕೈಪಿಡಿಗಳೂ ಕಂಪನಿಗೆ ತಕ್ಕಂತೆ ಮೊದಲ 800 ಅಥವಾ 1,600 ಕಿಲೋಮೀಟರ್ ಟ್ರೇಲರ್ ಕಟ್ಟಬೇಡಿ ಎನ್ನುತ್ತವೆ.

ಮೊದಲ ಉಚಿತ ಸರ್ವಿಸ್ 50 ಗಂಟೆಗೆ. ಇಂಜಿನ್ ಆಯಿಲ್, ಫಿಲ್ಟರ್ ಬದಲಿಸಿ ಕಳಿಸುವುದರಲ್ಲಿದ್ದರು. ಗೇರ್‌ಬಾಕ್ಸಿನ ಕೆಳಗಿರುವ, ಎಣ್ಣೆ ಇಳಿಸುವ ಅಯಸ್ಕಾಂತದ ಡ್ರೈನ್ ಪ್ಲಗ್ ಬಿಚ್ಚಿ ತೋರಿಸಿ ಎಂದು ನಾನು ಪಟ್ಟು ಹಿಡಿದೆ. ಪ್ಲಗ್ ಹೊರಬಂದಾಗ ಅದರ ತುದಿಗೆ ಬೆರಳಿನ ಅಗಲ ಬೂದುಬಣ್ಣದ ಮೆತ್ತನೆಯ ಪದಾರ್ಥ ಅಂಟಿತ್ತು. ಬಿಳಿ ಬಟ್ಟೆಯ ಮೇಲೆ ಹಚ್ಚಿ ಹೆಬ್ಬೆರಳಿನಿಂದ ಉಜ್ಜಿದೆ. ಕಾಡಿಗೆಯಂತೆ ನುಣ್ಣಗೆ ಹರಡಿತು, ಬಿಸಿಲಿಗೆ ಹಿಡಿದಾಗ ಸಣ್ಣಗೆ ಮಿನುಗಿತು, ಆದರೆ ಬೆರಳಿಗೆ ಒಂದು ಚೂರೂ ಚುಚ್ಚಲಿಲ್ಲ. ನುಣ್ಣನೆಯ ಪುಡಿ ಸಹಜ. ಉಗುರಿಗೆ ಸಿಗುವ ಚೂರು ಬಂದಿದ್ದರೆ ಟ್ರ್ಯಾಕ್ಟರನ್ನು ಅಲ್ಲಿಯೇ ಬಿಟ್ಟು ಬರುತ್ತಿದ್ದೆ. ನಮ್ಮ ಟ್ರ್ಯಾಕ್ಟರ್‌ನಲ್ಲಿ ಗೇರ್, ಹೈಡ್ರಾಲಿಕ್, ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್, ಈ ಮೂರಕ್ಕೂ ಒಂದೇ ಎಣ್ಣೆ. ಗೇರಿನಿಂದ ಉದುರಿದ ಪುಡಿ ಹೈಡ್ರಾಲಿಕ್ ಪಂಪಿಗೂ ಹೋಗುತ್ತದೆ ಎಂಬ ಕಾರಣಕ್ಕೆ, ಕೈಪಿಡಿಯಲ್ಲಿ 1,000 ಗಂಟೆಗೆ ಎಂದಿದ್ದರೂ, ಮೊದಲ ಸಾಗಣೆ ಹಂಗಾಮು ಮುಗಿದೊಡನೆ 300 ಗಂಟೆಗೇ ಆ ಎಣ್ಣೆಯನ್ನು ನಮ್ಮ ಖರ್ಚಿನಲ್ಲಿ ಬದಲಿಸಿದೆವು. 40 ಲೀಟರಿಗಿಂತ ಹೆಚ್ಚು ಎಣ್ಣೆ ಹಿಡಿಯುವುದರಿಂದ ಖರ್ಚು ಸಣ್ಣದಲ್ಲ, ಆದರೂ ಮತ್ತೊಮ್ಮೆ ಹೊಸ ಟ್ರ್ಯಾಕ್ಟರ್ ಕೊಂಡರೆ ಹಾಗೆಯೇ ಮಾಡುತ್ತೇನೆ.

ಶೋರೂಮಿನ ಮೇಲೆ ಒಂದು ದೂರು ಇದೆ. ಆ ಸರ್ವಿಸಿನಲ್ಲಿ ಹಿಂದಿನ ಚಕ್ರದ ನಟ್ಟುಗಳನ್ನು ಬಿಗಿದು ನೋಡಿರಲಿಲ್ಲ. ಮನೆಗೆ ಬಂದು ನಾನೇ ಪಾನಾ ಹಾಕಿದಾಗ ಎರಡು ನಟ್ಟು ಕಾಲು ಸುತ್ತು ತಿರುಗಿದವು. ಹೊಸ ಚಕ್ರದ ನಟ್ಟು ಮೊದಲ ಗಂಟೆಗಳಲ್ಲಿ ಸಡಿಲಾಗುವುದು ಸಾಮಾನ್ಯ, ಅದನ್ನು ನೋಡದೆ ಕಳಿಸುವುದು ಮಾತ್ರ ಸರಿಯಲ್ಲ.

ಕ್ಲಚ್ ವಿಷಯದಲ್ಲಿ ಮನೆಯಲ್ಲಿ ಒಂದೇ ಕಟ್ಟಳೆ: ತುಂಬಿದ ಟ್ರೇಲರನ್ನು ಲೋ ರೇಂಜಿನಲ್ಲಿ (ನಿಧಾನದ ಗೇರುಗಳಲ್ಲಿ) ಎಬ್ಬಿಸಬೇಕು, ಗಾಲಿ ಉರುಳಿದ ಕೂಡಲೇ ಕಾಲನ್ನು ಪೆಡಲಿನಿಂದ ಪೂರ್ತಿ ತೆಗೆಯಬೇಕು. ಕಾಲುವೆ ದಂಡೆ ಇಳಿಯುವಾಗ ನ್ಯೂಟ್ರಲ್ ಮಾಡುವಂತಿಲ್ಲ, ಏರುವ ಗೇರಿನಲ್ಲೇ ಇಳಿಯಬೇಕು. ರಸ್ತೆಗೆ ಬಂದ ಮೇಲೆ ಎರಡು ಬ್ರೇಕ್ ಪೆಡಲುಗಳನ್ನು ಜೋಡಿಸುವ ಕೊಂಡಿ ಹಾಕಲೇಬೇಕು. ಒಂದೇ ಚಕ್ರಕ್ಕೆ ಬ್ರೇಕ್ ಬಿದ್ದರೆ ಹಿಂದಿನ ಭಾರ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಿಬಿಡುತ್ತದೆ.

ಈಗ ಫಲಿತಾಂಶ. 250 ಗಂಟೆಗೊಮ್ಮೆ ಇಂಜಿನ್ ಆಯಿಲ್ ಬದಲಿಸುವ ನಡುವೆ ಎಣ್ಣೆ ಕಡಿಮೆಯಾಯಿತೆಂದು ಇದುವರೆಗೆ ಒಮ್ಮೆಯೂ ಮೇಲೆ ಸುರಿದಿಲ್ಲ. ಹಿಂಬದಿಯಿಂದ ಸದ್ದಿಲ್ಲ. 1,300 ಗಂಟೆಗೆ ಎರಡನೆಯ ಸಲ ಗೇರ್ ಎಣ್ಣೆ ಇಳಿಸಿದಾಗ ಪ್ಲಗ್ಗಿನ ಮೇಲೆ ಇದ್ದದ್ದು ಉಗುರಿನ ತುದಿಯಷ್ಟು ಪುಡಿ. 60 ಚೀಲದೊಂದಿಗೆ ಮಿಲ್ಲಿಗೆ ಹೋಗುವಾಗ ಗಂಟೆಗೆ ನಾಲ್ಕೂವರೆ ಲೀಟರಿನ ಆಸುಪಾಸು ಡೀಸೆಲ್ ಸಾಕಾಗುತ್ತದೆ. ಕ್ಲಚ್ ಪ್ಲೇಟ್ ಇನ್ನೂ ಮೊದಲಿನದೇ, ಆದರೆ ಪೆಡಲಿನ ಆಟ (ಕ್ಲಚ್ ಬಿಡುವ ಮೊದಲು ಪೆಡಲು ಸುಮ್ಮನೆ ಒಳಹೋಗುವ ಅಂತರ) ಈಚೆಗೆ ಬೇಗ ಕಡಿಮೆಯಾಗುತ್ತಿರುವುದರಿಂದ ಮುಂದಿನ ಮುಂಗಾರಿನ ಕೆಸರಿಗೆ ಮೊದಲು ಬಿಚ್ಚಿಸಿ ನೋಡಬೇಕಿದೆ. ಮಾವನವರು ಕಳೆದ ತಿಂಗಳು ತಮ್ಮ ಮಗನಿಗೆ ಇದೇ ಮಾದರಿಯ ಟ್ರ್ಯಾಕ್ಟರ್ ಕೊಡಿಸಿದರು. ಮೀಟರಿನಲ್ಲಿ ಇನ್ನೂ 34 ಗಂಟೆ, ನಿನ್ನೆ ಅವನು ಮಿಲ್ಲಿಗೆ ಒಯ್ದದ್ದು 20 ಚೀಲ.