ಅಳಿವೆಯ ಮುಂದೆ ಲಂಗರು ಹಾಕುವವರು ಗಮನಿಸಿ

ಮಲ್ಪೆಯಿಂದ ಯಾಟ್‌ನಲ್ಲಿ ಹೊರಟು, ಕೋಡಿಬೆಂಗ್ರೆಯಲ್ಲಿ ನದಿ ಕಡಲು ಸೇರುವ ಅಳಿವೆಯ ಹೊರಗೆ ಲಂಗರು ಹಾಕಿ, ರಬ್ಬರ್ ದೋಣಿಯಲ್ಲಿ ದಡಕ್ಕಿಳಿದು ಸುತ್ತಾಡಿ ಬರುವ ಪ್ರವಾಸವನ್ನು ಗೊತ್ತುಮಾಡಿಕೊಳ್ಳುವ ಯೋಚನೆಯಲ್ಲಿರುವವರು ಮುಂಗಡ ಕೊಡುವ ಮೊದಲು ಇದನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ಕಳೆದ ಫೆಬ್ರುವರಿಯ ಅಮಾವಾಸ್ಯೆಯಂದು ನಾವು ಮನೆಯ ಐವರು ಹೀಗೆ ಹೋಗಿದ್ದೆವು. ದೋಣಿ ನಡೆಸಿದವರ ಹೆಸರು ಬೇಡ, ನಡೆದದ್ದಷ್ಟನ್ನು ಹೇಳುತ್ತೇನೆ.

ಹನ್ನೊಂದೂವರೆಯ ಹೊತ್ತಿಗೆ ಲಂಗರು ಬಿತ್ತು. ಆಳ ತೋರಿಸುವ ಯಂತ್ರದಲ್ಲಿ 2.8 ಮೀಟರ್ ಎಂದಿತ್ತು. ಯಾಟ್‌ನ ತಳದಲ್ಲಿ ಇಳಿಬಿದ್ದಿರುವ ಭಾರದ ಕೀಲ್‌ಗೆ 1.6 ಮೀಟರ್ ನೀರು ಸಾಕು, ಇನ್ನೂ ಒಂದು ಮೀಟರ್‌ಗಿಂತ ಹೆಚ್ಚು ಉಳಿದಿದೆ ಎಂದು ಕಪ್ತಾನರು ಧೈರ್ಯ ಹೇಳಿದರು. ಆದರೆ ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ಉಬ್ಬರ ತುಂಬಿ ನಿಲ್ಲುವುದು ಹೆಚ್ಚುಕಡಿಮೆ ಅದೇ ನಡುಹಗಲಿಗೆ. ಅಲ್ಲಿಂದ ಸಂಜೆಯವರೆಗೆ ನೀರು ಇಳಿಯುತ್ತಲೇ ಹೋಗುತ್ತದೆ. ಖಂಭಾತ್ ಕೊಲ್ಲಿಯಂತೆ ಹತ್ತು ಮೀಟರ್ ಇಳಿಯುವ ಕಡಲು ನಮ್ಮದಲ್ಲ, ಸುಮಾರು ಒಂದು ಮೀಟರ್ ಇಳಿಯುತ್ತದೆ ಅಷ್ಟೇ, ನಿಜ. ಅಳಿವೆಯ ಮರಳಿನ ಮೇಲೆ ಆ ಒಂದು ಮೀಟರೇ ಸಾಕಾಗುತ್ತದೆ.

ಲೆಕ್ಕ ನಿಜವಾಗಿ ತಪ್ಪಿದ್ದು ಗಾಳಿಯಲ್ಲಿ. ಬೆಳಿಗ್ಗೆ ನೆಲದ ಕಡೆಯಿಂದ ಬೀಸುವ ಗಾಳಿಗೆ ಯಾಟ್ ಲಂಗರಿನಿಂದ ಕಡಲ ಕಡೆಗೆ ಚಾಚಿಕೊಂಡು ನಿಂತಿತ್ತು; ಯಂತ್ರ ತೋರಿಸಿದ ಆಳ ಆ ಜಾಗದ್ದು. ಮಧ್ಯಾಹ್ನ ವಾಯವ್ಯದ ಕಡಲಗಾಳಿ ಎದ್ದ ಮೇಲೆ ಅದೇ ದೋಣಿ ಲಂಗರನ್ನು ಸುತ್ತುಹಾಕಿ ದಡದ ಕಡೆಗೆ ತಿರುಗಿತು. ಬಿಟ್ಟಿದ್ದ ಹಗ್ಗ ಸುಮಾರು 25 ಮೀಟರ್; ಅಂದರೆ ದೋಣಿ ಬೆಳಿಗ್ಗೆ ಇದ್ದ ಜಾಗದಿಂದ ಹತ್ತಿರಹತ್ತಿರ 50 ಮೀಟರ್ ದಡಕ್ಕೆ ಸರಿದು, ಮರಳಿನ ದಿಬ್ಬದ ನೆತ್ತಿಗೇ ಬಂದಿತ್ತು. ಲಂಗರು ಮಾತ್ರ ಒಂದು ಗೇಣೂ ಕದಲಿರಲಿಲ್ಲ.

ಇದನ್ನು ಮೊದಲೇ ಹೇಳಿದವರೂ ಇದ್ದರು. ನಾವು ದಡಕ್ಕಿಳಿದಾಗ ಸ್ವರ್ಣಾ, ಸೀತಾ ನದಿಗಳು ಕೂಡುವ ಕಡೆ ಸೊಂಟದ ನೀರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಹಿರಿಯರೊಬ್ಬರು ಯಾಟ್ ಕಡೆಗೆ ಕೈತೋರಿಸಿ, "ಗಾಳಿ ತಿರುಗಿದರೆ ಅದು ದಿಬ್ಬದ ಮೇಲೆ ಕೂರ್ತದೆ ಮಾರಾಯ್ರೆ, ಈ ಮಳೆಗಾಲದ ಮೇಲೆ ಅಳಿವೆ ಬಾಗಿಲು ಮೊದಲಿನ ಜಾಗದಲ್ಲಿ ಇಲ್ಲ" ಎಂದಿದ್ದರು. ನಮ್ಮನ್ನು ಕರೆತಂದಿದ್ದ ಸಹಾಯಕ ನಕ್ಕುಬಿಟ್ಟ. ನಾವೂ ನಕ್ಕೆವು, ಅದನ್ನೂ ಒಪ್ಪಿಕೊಳ್ಳಬೇಕು.

ಎರಡೂವರೆಗೆ ದಡದಿಂದ ನೋಡಿದಾಗ ಯಾಟ್‌ನ ಕಂಬ ಓರೆಯಾಗಿತ್ತು. ವಾಂತಿ ಬರುತ್ತದೆಂದು ಅಕ್ಕ ಮತ್ತು ಅವಳ ಮಗ ಯಾಟ್‌ನಲ್ಲಿಯೇ ಉಳಿದಿದ್ದರು. ಪ್ರತಿ ಅಲೆಗೂ ಕೀಲ್ ಎದ್ದು ಮರಳಿಗೆ ಧಡ್ ಎಂದು ಬೀಳುತ್ತಿತ್ತೆಂದೂ, ಒಲೆಯ ಮೇಲಿದ್ದ ಚಹಾದ ಪಾತ್ರೆ ಗೋಡೆಗೆ ಬಡಿದು ಚೆಲ್ಲಿತೆಂದೂ ಅಕ್ಕ ಆಮೇಲೆ ಹೇಳಿದಳು. ಕಪ್ತಾನರು ಗಾಬರಿಯಲ್ಲಿ ಎಂಜಿನ್ ಜೋರು ಮಾಡಿದ್ದು ಎರಡನೆಯ ತಪ್ಪು. ತಂಪಿಗೆಂದು ಎಂಜಿನ್ ಹೀರಿಕೊಳ್ಳುವ ಕಡಲ ನೀರಿನ ಜೊತೆ ಮರಳೂ ಒಳಗೆ ಹೋಗಿ, ಜಾಲರಿ ಕಟ್ಟಿಕೊಂಡು, ಹತ್ತು ನಿಮಿಷದಲ್ಲಿ ಎಂಜಿನ್ ಕಾದು ನಿಂತಿತು. ಸುತ್ತ ಅಲೆ ಒಡೆಯುತ್ತಿದ್ದುದರಿಂದ ರಬ್ಬರ್ ದೋಣಿ ಹತ್ತಿರ ಹೋಗಲಾರದಾಯಿತು. ತುರ್ತಿಗೆ ಕರೆಮಾಡಬೇಕಾದ ಕರಾವಳಿ ಪೊಲೀಸರ 1093 ಆಗಲಿ, ಕೋಸ್ಟ್ ಗಾರ್ಡಿನ 1554 ಆಗಲಿ ಆ ಯಾಟ್‌ನಲ್ಲಿ ಎಲ್ಲೂ ಬರೆದಿರಲಿಲ್ಲ. ಕೊನೆಗೆ ಅಲ್ಲಿಯ ಮೀನುಗಾರರೇ ತಮ್ಮ ಚಪ್ಪಟೆ ತಳದ ದೋಣಿ ತಂದು ಅಕ್ಕನನ್ನೂ ಮಗುವನ್ನೂ ಇಳಿಸಿಕೊಂಡರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಯಾಟ್ ಮರುಉಬ್ಬರಕ್ಕೆ, ರಾತ್ರಿ ಹನ್ನೊಂದರ ಸುಮಾರಿಗೆ ತೇಲಿತಂತೆ. ಅಷ್ಟರಲ್ಲಿ ನಾವು ರಿಕ್ಷಾ ಹಿಡಿದು ಮಲ್ಪೆ ಸೇರಿದ್ದೆವು.

ಆದ್ದರಿಂದ ಹೋಗುವವರು ತಿಂಡಿ, ಹಾಡು, ಹಾಸಿಗೆಗಳ ವಿಚಾರ ಆಮೇಲೆ ಇಟ್ಟುಕೊಂಡು, ಕೀಲ್ ಎಷ್ಟು ಆಳಕ್ಕೆ ಇಳಿಯುತ್ತದೆ, ಆ ದಿನ ಇಳಿತ ಎಷ್ಟು ಗಂಟೆಗೆ, ಕಡಲಗಾಳಿ ಬಂದಾಗ ದೋಣಿ ಎಲ್ಲಿಗೆ ತಿರುಗಿ ನಿಲ್ಲುತ್ತದೆ ಎಂದು ಮೊದಲು ಕೇಳಿ. ಮೂರನೆಯದಕ್ಕೆ ತಡವರಿಸಿದವರ ದೋಣಿಯನ್ನು ನಾನಂತೂ ಹತ್ತುವುದಿಲ್ಲ. ತಳ ಚಪ್ಪಟೆಯಾದ ಊರಿನ ದೋಣಿಗೆ ಹೊಂದುವ ಜಾಗ ಯಾಟ್‌ಗೂ ಹೊಂದುತ್ತದೆಂದು ನಂಬಬೇಡಿ.

ದೂರು ಹೇಳಲು ಹೋದಾಗ, "ಕಡಲಲ್ಲಿ ಇದೆಲ್ಲ ಇದ್ದದ್ದೇ ಸರ್" ಎಂಬ ಉತ್ತರ ಸಿಕ್ಕಿತು. ಮುಂಗಡದಲ್ಲಿ ಅರ್ಧ ವಾಪಸು ಬಂತು, ಅದರಲ್ಲಿಯೂ ಚೆಲ್ಲಿದ ಚಹಾದಿಂದ ಹಾಳಾದ ಹಾಸಿಗೆಯ ಬಾಬ್ತು ಎಂದು ಎಂಟುನೂರು ರೂಪಾಯಿ ಹಿಡಿದುಕೊಂಡಿದ್ದರು.